ಬೇರೆ ಲೋಕದ ಸಾವಿಗೆ ಮಾದಿಹಳ್ಳಿಯ ಅಳು

ಬೆಳಗಿನ ಐದು ಗಂಟೆ. ಮಾದಿಹಳ್ಳಿಯ ಕೊನೆಯ ಮನೆಯಲ್ಲಿ ಎರಡು ಹಸುಗಳ ಹಾಲು ಕರೆದು ಮುಗಿಸಿದ ರುದ್ರಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಹಿತ್ತಲಿನ ಹುಲ್ಲಿನ ಕೋಣೆಯ ಬಾಗಿಲು ದೂಡುತ್ತಾರೆ. ಒಳಗೆ ಮೂರು ಕಡೆ ಸೂರಿನವರೆಗೆ ಭತ್ತದ ಹುಲ್ಲು. ಬಾಗಿಲಿಗೆ ಅಡ್ಡಲಾಗಿ ಎರಡು ಹಳೇ ಕೌದಿ. ನಡುವೆ ಒಂದು ಮಣೆ, ಅದರ ಮುಂದೆ ಸ್ಟ್ಯಾಂಡಿಗೆ ಸಿಕ್ಕಿಸಿದ ಮೈಕು. ಊರಲ್ಲಿ ಇಷ್ಟು ಸದ್ದಿಲ್ಲದ ಜಾಗ ಇನ್ನೊಂದಿಲ್ಲ. ಆರೂಕಾಲಿಗೆ ಡೇರಿಯ ಕ್ಯಾನುಗಳ ಗಲಾಟೆ, ಅದರ ಬೆನ್ನಿಗೇ ಹಳೇಬೀಡಿನ ಬಸ್ಸಿನ ಹಾರನ್ನು. ಅಷ್ಟರೊಳಗೆ ಕೆಲಸ ಮುಗಿಯಬೇಕು.

ಇವತ್ತು ರುದ್ರಮ್ಮ ಮೈಕನ್ನು ಎರಡು ಸಲ ಸರಿಸಿ ಮತ್ತೆ ಅಲ್ಲೇ ಇಡುತ್ತಾರೆ. ಅರವತ್ತೊಂದು ವರ್ಷದ ಇವರು ಮೂರು ವರ್ಷದಲ್ಲಿ ಇದೇ ಮಣೆಯ ಮೇಲೆ ಕೂತು ಇನ್ನೂರ ಹದಿನಾಲ್ಕು ಸಾವಿಗೆ ಅತ್ತಿದ್ದಾರೆ. ಸತ್ತವರಲ್ಲಿ ಒಬ್ಬರೂ ಈ ಭೂಮಿಯವರಲ್ಲ. ಇವತ್ತಿನದು ಇನ್ನೂರ ಹದಿನೈದನೆಯದು. ಅದಕ್ಕೆ ಹೆದರಿ ಒಂಬತ್ತು ದಿನ ಮುಂದೂಡಿದ್ದಾಯಿತು. ಗುರುವಾರ ಹಾಸನದಲ್ಲಿ ಅವರ ಗಂಟಲಿನ ಆಪರೇಷನ್ ಇರುವುದರಿಂದ ಇನ್ನು ಮುಂದೂಡಲು ದಿನಗಳಿಲ್ಲ.

ಸತ್ತವರ ಕುಲದ ಹೆಸರು ಉಲಿಗರು. ಹಾಸನದ ಪುಟ್ಟ ಕಂಪನಿಯೊಂದು ಮಾಡಿರುವ ‘ಒಂಬತ್ತನೇ ನೆಲ’ ಎಂಬ ಕಂಪ್ಯೂಟರ್ ಆಟದಲ್ಲಿ ಬರುವ ಅನ್ಯಲೋಕದ ಜನ ಇವರು. ತಮ್ಮ ನಕ್ಷತ್ರ ಆರಿಹೋದ ಮೇಲೆ ಹಡಗು ಹತ್ತಿ ಬಂದವರು. ಬೂದು ಮೈ, ಕೈಗೆ ಆರು ಬೆರಳು, ಕಣ್ಣಲ್ಲಿ ನೀರಿಲ್ಲ. ನೀರಿಲ್ಲದ್ದರಿಂದ ಅವರು ದನಿಯಲ್ಲೇ ಅಳಬೇಕು. ಒಬ್ಬ ಉಲಿಗ ಬಿದ್ದರೆ ಹೊಡೆದವನು ಆಯುಧ ಕೆಳಗಿಟ್ಟು ಆ ಅಳುವನ್ನು ಕೊನೆಯವರೆಗೆ ಕೇಳಬೇಕು, ಅದು ಅವರ ಕಟ್ಟಳೆ. ರುದ್ರಮ್ಮ ಕನ್ನಡದಲ್ಲಿ ಅತ್ತದ್ದನ್ನು ಕಂಪನಿಯವರು ಮಾತು ತಿಳಿಯದಷ್ಟು ಎಳೆದು, ದನಿಯ ಮೇಲೆ ದನಿ ಹೇರುತ್ತಾರೆ. ಅರ್ಥ ಮಾತ್ರ ಪರದೆಯ ಕೆಳಗೆ ಮೂಡುತ್ತದೆ: ‘ತಂಗಿಗೆ ಈಜು ಕಲಿಸಿದ್ದೆಯಲ್ಲೋ, ಅರ್ಧಕ್ಕೇ ಬಿಟ್ಟು ಹೋದೆಯಲ್ಲೋ.’ ಉಲಿಗರನ್ನು ಕೊಲ್ಲಲೆಂದು ಆಟಕ್ಕಿಳಿದವರು ಇಲ್ಲಿಗೆ ಬಂದು ತಣ್ಣಗಾಗುತ್ತಾರೆ. ಈಗ ಹತ್ತು ಜನ ಆಡಿದರೆ ಅದರಲ್ಲಿ ಆರು ಜನ ಉಲಿಗರಾಗಿಯೇ ಆಡುತ್ತಾರಂತೆ.

ಇದನ್ನೆಲ್ಲ ಯಾರೋ ದೊಡ್ಡ ತಲೆ ಕೂತು ಯೋಚಿಸಿ ಕಟ್ಟಿದ್ದು ಅಂದುಕೊಂಡರೆ ತಪ್ಪು. ಆಟದ ಕಥೆ ಬರೆಯುವ ಜಾವಗಲ್ಲಿನ ಹೇಮಾಶ್ರೀ, ಮೂರು ವರ್ಷದ ಹಿಂದೆ ಮಾದಿಹಳ್ಳಿಯ ನೆಂಟರ ಸಾವಿಗೆ ಬಂದಾಗ ರುದ್ರಮ್ಮ ಹಾಡಿಕೊಂಡು ಅಳುವುದನ್ನು ಕೇಳಿ ಬೆರಗಾಗಿದ್ದರು. ಮುಂದಿನ ವಾರವೇ ಮೈಕು ಹಿಡಿದು ಮನೆಗೆ ಬಂದು, ಒಂದೆರಡು ನಿಮಿಷ ಸುಮ್ಮನೆ ಅತ್ತು ತೋರಿಸಿ ಅಂದರು. ರುದ್ರಮ್ಮ ಬೆಚ್ಚಿಬಿದ್ದರು.

“ಸುಮ್ನೆ ಅಳಾಕಾಯ್ತದೇನವ್ವ? ಹೆಣ ಇಲ್ದಿರೋ ಮನೇಲಿ ಹಾಡ್ಕೊಂಡು ಅತ್ರೆ ಸಾವ ಕರ್ದಂಗೆ. ಯಾರು ಸತ್ತಿರೋದು ಹೇಳು ಮೊದ್ಲು. ಹೆಸ್ರೇನು? ಯಾರ ಮಗ? ಏನು ಇಷ್ಟಪಟ್ಟು ಉಣ್ತಿದ್ದ?”

ಅಲ್ಲಿಯವರೆಗೆ ಉಲಿಗರೆಂದರೆ ಗುಂಪಾಗಿ ಬಂದು ಗುಂಪಾಗಿ ಸಾಯುವ ಲೆಕ್ಕಕ್ಕಿಲ್ಲದ ಶತ್ರುಗಳು. ಹೇಮಾಶ್ರೀ ವಾಪಸು ಹೋಗಿ ಒಬ್ಬ ಸಿಪಾಯಿಗೆ ಹೆಸರಿಟ್ಟು, ತಾಯಿ ತಂಗಿಯರನ್ನು ಕೊಟ್ಟು, ಒಂದು ಹಾಳೆ ತುಂಬ ಬರೆದು ತಂದರು. ರುದ್ರಮ್ಮ ಎರಡು ಸಲ ಓದಿಕೊಂಡು ಕಣ್ಣು ಮುಚ್ಚಿ ಅತ್ತರು. ಅಂದಿನಿಂದ ಅದೇ ಪದ್ಧತಿ, ಹಾಳೆ ಬಂದರೆ ಮಾತ್ರ ಅಳು. ಆ ಹಾಳೆಗಳೇ ಕೂಡಿಕೊಂಡು ಇವತ್ತು ಉಲಿಗರ ಪುರಾಣವಾಗಿದೆ. ಏಳನೇ ಕ್ಲಾಸು ಓದಿದ ಹೆಂಗಸಿನ ಪ್ರಶ್ನೆಗಳಿಂದ ಒಂದು ಕುಲ ಹುಟ್ಟಿತು, ಆಟದಲ್ಲಿ ಅವರ ಹೆಸರು ಮಾತ್ರ ಎಲ್ಲೂ ಇಲ್ಲ.

ಅರಸೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಕೆಲಸದಲ್ಲಿರುವ ಮಗಳು ಮಾಲಿನಿಗೆ ತಾಯಿ ಸಾವಿನ ಮನೆಗಳಿಗೆ ಹೋಗಿ ಅಳುವುದು ಎಂದೂ ಸೇರಿದ್ದಲ್ಲ. ಕೆಲವು ಮನೆಯವರು ಅಳುವಿಗೆ ಕರೆದು ಅಂಗಳದಲ್ಲೇ ನಿಲ್ಲಿಸುತ್ತಿದ್ದರು. ಅದು ನೆನಪಾದರೆ ಮಗಳ ಮೈ ಈಗಲೂ ಉರಿಯುತ್ತದೆ. ಉಲಿಗರ ಕೆಲಸಕ್ಕೆ ಮಾತ್ರ ಅವರು ಅಡ್ಡ ಬರಲಿಲ್ಲ. “ಈ ಜನ ಯಾರೂ ನನ್ನ ಹೊರಗೆ ನಿಲ್ಸಿಲ್ಲ ಕಣ್ರೀ,” ಎಂದು ರುದ್ರಮ್ಮ ನಗುತ್ತಾರೆ.

ಆ ನಗು ನಾಲ್ಕು ತಿಂಗಳಿಂದ ಕಮ್ಮಿಯಾಗಿದೆ. ಮೊದಲು ದನಿ ಒಡೆಯಿತು. ಮೆಣಸಿನ ಕಷಾಯ, ಬೆಲ್ಲ, ಬಿಸಿನೀರು ಯಾವುದಕ್ಕೂ ಬಗ್ಗಲಿಲ್ಲ. ಹಾಸನದ ಡಾಕ್ಟರು ಗಂಟಲಿಗೆ ಕ್ಯಾಮೆರಾ ಬಿಟ್ಟು ನೋಡಿ, ಗಂಟು ಇದೆ, ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ದನಿ ಮೊದಲಿನ ಹಾಗೆ ಬರುತ್ತದಾ ಎಂದು ಕೇಳಿದ್ದಕ್ಕೆ, ಈಗಲೇ ಹೇಳಲಿಕ್ಕಾಗುವುದಿಲ್ಲ ಎಂದರು. ಆಪರೇಷನ್ ಆಗುವವರೆಗೆ ಗಂಟಲಿಗೆ ಶ್ರಮ ಕೊಡಬಾರದು ಅಂತಲೂ ಹೇಳಿದರು. ಗಂಡ ತಮ್ಮಯ್ಯ ಅವತ್ತಿನಿಂದ ಡೇರಿಗೆ ಹೋಗುವಾಗ ಹೆಂಡತಿಯನ್ನು ಕೂಗಿ ಹೇಳುವುದಿಲ್ಲ, ಅವಳು ಉತ್ತರ ಕೊಡಬೇಕಾದೀತೆಂದು. ಹತ್ತಿರ ಬಂದು ಭುಜ ಮುಟ್ಟಿ ಹೊರಡುತ್ತಾರೆ. ಅವರಿಗೂ ಭಯ. ರುದ್ರಮ್ಮನಿಗೆ ಅದು ಗೊತ್ತು, ಗೊತ್ತಿಲ್ಲದವರಂತೆ ಇದ್ದುಬಿಡುತ್ತಾರೆ.

ಇದರ ನಡುವೆ ಬಂದದ್ದು ಇನ್ನೂರ ಹದಿನೈದನೆಯ ಹಾಳೆ. ಉಲಿಗರ ಹಿರಿಯ ತಾಯಿ ಓರವ್ವನ ಸಾವು. ಗಂಟಲಿನ ಸಂಗತಿ ಇನ್ನೂ ತಿಳಿಯದಿದ್ದ ಹೇಮಾಶ್ರೀ, ರುದ್ರಮ್ಮನಿಗೆ ಗೌರವ ಸಲ್ಲಿಸೋಣ ಎಂದು ಓರವ್ವನನ್ನು ಅವರಂತೆಯೇ ಬರೆದಿದ್ದರು. ವಯಸ್ಸು ಅರವತ್ತೊಂದು. ಎರಡು ದನ ಸಾಕಿದವಳು. ಎಡಗೈ ಹೆಬ್ಬೆರಳು ಕುಡುಗೋಲು ತಾಗಿ ಸೊಟ್ಟಗಾದವಳು. ಸತ್ತವರಿಗೆಲ್ಲ ಅತ್ತವಳು. ರುದ್ರಮ್ಮ ಹಾಳೆ ಓದುತ್ತಾ ತಮ್ಮ ಹೆಬ್ಬೆರಳು ನೋಡಿಕೊಂಡರು. ಹಾಳೆ ಮಡಿಸಿ ಅಕ್ಕಿ ಡಬ್ಬದ ಹಿಂದೆ ಇಟ್ಟರು. ಅವತ್ತು ಊಟ ಸೇರಲಿಲ್ಲ.

ವಿಷಯ ತಿಳಿದ ಹೇಮಾಶ್ರೀ ಗಾಬರಿಯಾಗಿ ಫೋನು ಮಾಡಿದರು. “ತಪ್ಪಾಯ್ತಮ್ಮ. ಬೇರೆ ಬರೀತೀನಿ, ಅದನ್ನ ಹರಿದುಹಾಕಿಬಿಡಿ.”

ಹರಿಯಲೂ ಕೈ ಬರಲಿಲ್ಲ. ತಮ್ಮನ್ನೇ ಹೋಲುವವಳ ಸಾವಿನ ಹಾಳೆ ಹರಿದರೆ ಏನಾಗುತ್ತದೋ, ಅತ್ತರೆ ಏನಾಗುತ್ತದೋ, ಎರಡಕ್ಕೂ ಹೆದರಿ ಅವರು ದಿನ ದೂಡಿದರು. ಒಂದು ಸಂಜೆ ಮಗಳಿಗೆ ಫೋನು ಮಾಡಿ ಕೇಳಿಯೇಬಿಟ್ಟರು: “ನಾನು ಹೋದ್ರೆ ನಂಗೆ ಹಾಡ್ಕೊಂಡು ಅಳ್ತೀಯೇನೇ?”

ಮಾಲಿನಿ ಮೊದಲು ರೇಗಿದರು. ಆಮೇಲೆ “ನಂಗೆ ಬರಲ್ಲಮ್ಮ,” ಎಂದು ಅತ್ತುಬಿಟ್ಟರು.

ಮಾದಿಹಳ್ಳಿಯಲ್ಲಿ ಇನ್ಯಾರಿಗೂ ಬರುವುದಿಲ್ಲ. ಬಲ್ಲವರಾಗಿದ್ದ ಶಿವಗಂಗಮ್ಮ ಎರಡು ವರ್ಷದ ಹಿಂದೆ ತೀರಿಕೊಂಡಾಗ ಅವರಿಗೆ ಅತ್ತವರು ರುದ್ರಮ್ಮನೇ. ಸಾವು ಬಂದೀತು ಎಂಬ ಭಯಕ್ಕಿಂತ, ಬಂದಾಗ ಮನೆಯಲ್ಲಿ ಹಾಡಿಕೊಂಡು ಅಳುವ ಒಂದು ಮಾತೂ ಹುಟ್ಟಲಿಕ್ಕಿಲ್ಲ ಎಂಬ ಭಯ ದೊಡ್ಡದಾಗಿ ಎದೆಯ ಮೇಲೆ ಕೂತಿತು. ಮರುದಿನ ಹೇಮಾಶ್ರೀಗೆ ಫೋನು ಹೋಯಿತು: “ಏನೂ ಬದಲಾಯಿಸ್ಬೇಡ. ಬಾ. ಒಂದೇ ಸಲ ಹಾಡೋದು, ಇನ್ನೊಂದು ಸಲ ಅನ್ನಬಾರ್ದು.”

ಆ ಒಂದು ಸಲ ಇವತ್ತು. ಕೌದಿಯ ಆಚೆ ಹೇಮಾಶ್ರೀ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದಾರೆ. ತಮ್ಮಯ್ಯ ಹಾಲಿನ ಕ್ಯಾನು ಹಿಡಿದು ಹಿತ್ತಲಲ್ಲೇ ನಿಂತಿದ್ದಾರೆ. ರುದ್ರಮ್ಮ ಹಾಳೆ ಬಿಡಿಸಿ, ಮತ್ತೆ ಮಡಿಸಿ, ಕಣ್ಣು ಮುಚ್ಚುತ್ತಾರೆ. ಮೊದಲ ದನಿ ಒಡೆದೇ ಬರುತ್ತದೆ. ‘ಹೋದೆಯಾ ನನ್ನವ್ವ, ಕರೆಯೋ ಹಾಲ ಅರ್ಧಕ್ಕೆ ಬಿಟ್ಟು ಹೋದೆಯಾ.’ ಹಾಳೆಯಲ್ಲಿ ಇಲ್ಲದ್ದೆಲ್ಲ ಬರತೊಡಗುತ್ತದೆ. ಮಗಳ ಪರೀಕ್ಷೆ ಫೀಸಿಗೆ ಕರು ಮಾರಿದ್ದು, ಸಾವಿನ ಮನೆಯ ಅಂಗಳದ ಬಿಸಿಲಲ್ಲಿ ನಿಂತು ಕಾಲು ಸುಟ್ಟುಕೊಂಡಿದ್ದು, ಗಂಡ ಒಂದೇ ಒಂದು ದಿನ ಹೂವು ತಂದದ್ದು. ಕ್ಯಾನು ಕೆಳಗಿಟ್ಟ ತಮ್ಮಯ್ಯ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ನಾಲ್ಕು ನಿಮಿಷಕ್ಕೆ ಅಳು ಮುಗಿಯುತ್ತದೆ.

ರುದ್ರಮ್ಮ ನೀರು ಕುಡಿದು, ಕೇಳಿಸು ಎಂದು ಸನ್ನೆ ಮಾಡುತ್ತಾರೆ. ಮೂರು ವರ್ಷದಲ್ಲಿ ಒಮ್ಮೆಯೂ ತಮ್ಮ ಅಳುವನ್ನು ಕೇಳಲು ಒಪ್ಪದವರು ಇವತ್ತು ಹೆಡ್‌ಫೋನು ಹಾಕಿಕೊಂಡು ಕೊನೆಯವರೆಗೂ ಕೇಳುತ್ತಾರೆ. ಬಸ್ಸಿನ ಹಾರನ್ನು ಕೂಗಿಹೋಗುತ್ತದೆ. ಭಯ ಹೋಯಿತೇ ಎಂದರೆ ತಲೆ ಅಡ್ಡಡ್ಡ ಆಡಿಸುತ್ತಾರೆ, ಹೋಗಿಲ್ಲ. ಆಮೇಲೆ ಪಿಸುಮಾತಿನಲ್ಲಿ, ಗಂಟಲಿಗೆ ಕೈ ಇಟ್ಟುಕೊಂಡು ಹೇಳುತ್ತಾರೆ:

“ಸತ್ತೋರ್ಯಾರೂ ತಮ್ಗೆ ಅತ್ತ ಅಳು ಕೇಳಿರಾಕಿಲ್ಲ. ನಾನು ಕೇಳ್ದೆ. ಚೆನ್ನಾಗೈತೆ ಕಣವ್ವ, ಒಂದು ಸುಳ್ಳೂ ಇಲ್ಲ.”