ಎಡಗಡೆಯ ಮುಂದಿನ ಚಕ್ರ

ಮನೆಮನೆಗೆ ಹೋಗಿ ಲಕ್ವ ಹೊಡೆದವರ ಕೈಕಾಲಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ದಿನಕ್ಕೆ ಏಳು ಮನೆ, ಅದರಲ್ಲಿ ನಾಲ್ಕು ಗುಡ್ಡದ ಮೇಲೆ. ಅವಳ ಹಳೆಯ ಪುಟ್ಟ ಕಾರಿನ ಬ್ರೇಕು ಪ್ರತಿ ತಿರುವಿನಲ್ಲೂ ಕಿರುಚುತ್ತಿತ್ತು. ಬೀದಿಯ ಮಕ್ಕಳು ಅವಳಿಗೆ ‘ಕಿರ್ ಮೇಡಂ’ ಎಂದು ಹೆಸರಿಟ್ಟಿದ್ದರು. ಒಬ್ಬ ಅಜ್ಜಿಯಂತೂ ಆ ಸದ್ದು ಕೇಳಿದ ಕೂಡಲೇ ವ್ಯಾಯಾಮ ತಪ್ಪಿಸಿಕೊಳ್ಳಲು ಮುಸುಕೆಳೆದುಕೊಂಡು ಗೊರಕೆ ಹೊಡೆಯಲು ಶುರುಮಾಡುತ್ತಿದ್ದಳು.

ಎಂಟು ತಿಂಗಳಲ್ಲಿ ಮೂರು ಸಲ ಬ್ರೇಕ್ ಪ್ಯಾಡ್ ಬದಲಾಯಿಸಿದ್ದಾಯಿತು. ಮೊದಲನೆಯದು ಅಗ್ಗದ್ದು, ಬೇಗ ಸವೆಯಿತು. ಎರಡನೆಯ ಸಲ ಗ್ಯಾರೇಜಿನವನು ಲೋಹದ ಪುಡಿ ಬೆರೆಸಿದ ಗಟ್ಟಿ ಪ್ಯಾಡ್ ಹಾಕಿ, "ಇದು ರೇಸ್ ಕಾರಿಗೂ ಆಗುತ್ತೆ ಮೇಡಂ, ಕಣ್ಮುಚ್ಕೊಂಡು ಓಡ್ಸಿ" ಎಂದ. ಕಣ್ಣು ಮುಚ್ಚಬಹುದಿತ್ತೇನೋ, ಕಿವಿ ಮುಚ್ಚಲು ಕೈ ಖಾಲಿ ಇರಲಿಲ್ಲ. ಮೂರನೆಯ ಸಲ ಮೆದುವಾದದ್ದು ಹಾಕಿಸಿದಳು. ಸದ್ದು ನಾಲ್ಕು ವಾರ ಸುಮ್ಮನಿದ್ದು ಮತ್ತೆ ಹಾಜರಾಯಿತು.

"ಯಾಕೆ ಹೀಗಾಗ್ತಿದೆ ಅಂತ ಸರಿಯಾಗಿ ಬಿಚ್ಚಿ ನೋಡಿ," ಎಂದು ಗ್ಯಾರೇಜಿನವನನ್ನು ಕೇಳಿದಳು.

"ಧೂಳು ಮೇಡಂ. ನೀವು ಬ್ರೇಕ್ ಮೇಲೇ ಕಾಲಿಟ್ಟು ಓಡಿಸ್ತೀರ ಅನ್ಸುತ್ತೆ. ಸಾರ್‌ನ ಕಳ್ಸಿ, ಅವರಿಗೆ ಹೇಳ್ತೀನಿ."

"ನಮ್ಮನೆ ಸಾರ್‌ಗೆ ಸೈಕಲ್ಲೂ ಬರಲ್ಲ!"

ಅವನು ನಕ್ಕ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಗುಡ್ಡದ ಕೊನೆಯ ಮನೆಯಲ್ಲಿ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದ ಮುದುಕರಿದ್ದರು. ಲಕ್ವ ಅವರ ಬಲಗೈಯನ್ನೂ ಮಾತನ್ನೂ ಒಟ್ಟಿಗೆ ಕಸಿದುಕೊಂಡಿತ್ತು. ಬುದ್ಧಿ ಮಾತ್ರ ಚುರುಕು. ಅವಳ ಕಾರು ಬಾಗಿಲಿಗೆ ಬಂದು ನಿಂತರೆ ಸಾಕು, ಮಂಚದ ಮೇಲೆ ಚಡಪಡಿಸುತ್ತಾ "ಪಿ... ಪಿ..." ಎನ್ನುತ್ತಿದ್ದರು. ಸೊಸೆ ಮೊದಲ ದಿನ ಮೂತ್ರಕ್ಕಿರಬೇಕೆಂದು ಬಚ್ಚಲಿಗೆ ಕರೆದೊಯ್ಯಲು ನೋಡಿದಳು. ಮರುದಿನ ಪೆನ್ನು ಕೊಟ್ಟಳು. ಅವರು ಅದನ್ನು ಗೋಡೆಗೆ ಎಸೆದರು.

"ಮಾವನಿಗೆ ನಿಮ್ಮನ್ನ ಕಂಡ್ರೆ ಯಾಕೋ ಆಗಲ್ಲ. ಬೇಜಾರ್ ಮಾಡ್ಕೋಬೇಡಿ," ಎಂದಳು ಸೊಸೆ.

ಬೇಜಾರಾಗದೆ ಇರುತ್ತದೆಯೇ? ತಿಂಗಳುಗಟ್ಟಲೆ ತಿಕ್ಕಿ ತೀಡಿದರೂ ಆ ಬಲಗೈ ಬೆರಳುಗಳು ಸರಿಯಾಗಿ ಮಡಚುತ್ತಿರಲಿಲ್ಲ. ಸಾಲದ್ದಕ್ಕೆ ಈ ಸಿಟ್ಟು ಬೇರೆ.

ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಕಾರು ಪಕ್ಕಕ್ಕೆ ಎಳೆದುಕೊಂಡು ಹೋಗಿ, ಆ ಮುದುಕರ ಕಾಂಪೌಂಡ್ ಗೋಡೆಗೆ ಗೇಣುದ್ದ ಬಾಕಿ ಇರುವಾಗ ನಿಂತಿತು. ಒಳಗೆ ಬಂದವಳು, "ಸಾಕಾಗಿಹೋಯ್ತು! ಈ ಡಬ್ಬಾನ ಗುಜರಿಗೆ ಹಾಕ್ತೀನಿ," ಎಂದು ಚೀಲವನ್ನು ಕುರ್ಚಿಗೆ ಬಿಸಾಡಿದಳು.

ಮುದುಕರು ಎಡಗೈಯಿಂದ ಮಂಚ ಕುಟ್ಟಿ ಬಾಗಿಲ ಕಡೆ ತೋರಿಸಿದರು. ಗಾಲಿಕುರ್ಚಿಯಲ್ಲಿ ಹೊರಗೆ ತಂದಾಗ, ಎಡಗಡೆಯ ಮುಂದಿನ ಚಕ್ರದ ಹತ್ತಿರ ಅಂಗೈ ಒಡ್ಡಿ, ಅವಳಿಗೂ ಹಾಗೇ ಮಾಡಲು ಸನ್ನೆ ಮಾಡಿದರು. ಒಲೆಯ ಮುಂದೆ ಕೈ ಹಿಡಿದಂತಿತ್ತು. ಬಲಗಡೆಯ ಚಕ್ರ ಉಗುರುಬೆಚ್ಚಗಿತ್ತು, ಅಷ್ಟೇ. ಆಮೇಲೆ ಕಡ್ಡಿ ಗೀರುವಂತೆ ಬೆರಳಾಡಿಸಿ ಸೊಸೆಯಿಂದ ಬೆಂಕಿಪೊಟ್ಟಣ ತರಿಸಿದರು. ಅದನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಒಳಗಿನ ತಟ್ಟೆಯನ್ನು ಹಿಂದೆ ಮುಂದೆ ಸರಿಸಿದರು. ಸಲೀಸಾಗಿ ಜಾರಿತು. ಪೊಟ್ಟಣವನ್ನು ಹಿಸುಕಿ ಮತ್ತೆ ತಳ್ಳಿದರು. ಸಿಕ್ಕಿಕೊಂಡಿತು.

"ಪಿನ್ನು," ಎಂದರು, ಸ್ಪಷ್ಟವಾಗಿ.

"ಜಾರಬೇಕಾದ್ದು ಯಾವುದೋ ಜಾರ್ತಿಲ್ಲ. ಅದೇ ತಾನೇ?"

ಈಗಲಾದರೂ ತಲೆಗೆ ಹೋಯಿತಲ್ಲ ಎನ್ನುವಂತೆ ಅವರು ಹಣೆ ಚಚ್ಚಿಕೊಂಡರು.

ಗ್ಯಾರೇಜಿನವನನ್ನು ಅವಳು ಅಲ್ಲಿಗೇ ಕರೆಸಿ, ಕಣ್ಣೆದುರೇ ಚಕ್ರ ಬಿಚ್ಚಿಸಿದಳು. ಹೊರಗಿನ ಪ್ಯಾಡು ಹೊಸದರಂತೆ ದಪ್ಪಗಿತ್ತು. ಒಳಗಿನದು ತಗಡಿನವರೆಗೆ ಸವೆದು, ಚಕ್ರದ ಜೊತೆ ತಿರುಗುವ ಡಿಸ್ಕಿನ ಮೇಲೆ ಗೀರು ಕೊರೆದಿತ್ತು. ಎರಡು ಪ್ಯಾಡುಗಳನ್ನೂ ಒಟ್ಟಿಗೆ ಒತ್ತುವ ಹಿಡಿ ಸರಿದಾಡಲೆಂದು ಇರುವ ಪಿನ್ನುಗಳು ತುಕ್ಕು ಹಿಡಿದು ಕೂತಿದ್ದವು; ಒತ್ತಡವೆಲ್ಲ ಒಳಗಿನ ಪ್ಯಾಡಿಗೇ ಬೀಳುತ್ತಿತ್ತು. ಮೂರು ಸಲ ಬಿಚ್ಚಿದವನು ಒಂದು ಸಲವೂ ಅವನ್ನು ಹೊರಗೆಳೆದು ನೋಡಿರಲಿಲ್ಲ.

"ಪ್ಯಾಡ್ ಹಾಕು ಅಂದ್ರಿ, ಹಾಕ್ದೆ. ಪಿನ್ ನೋಡು ಅಂತ ಹೇಳ್ಲಿಲ್ವಲ್ಲ ಮೇಡಂ."

"ರೋಗ ಯಾವುದು ಅಂತ ರೋಗೀನೇ ಹೇಳೋದಾದ್ರೆ ನೀನ್ಯಾಕಪ್ಪ ಬೇಕು?"

ಪಿನ್ನು ಉಜ್ಜಿ ಗ್ರೀಸ್ ಹಚ್ಚಿದ್ದಾಯಿತು. ಎರಡೂ ಕಡೆಗೆ ಹೊಸ ಡಿಸ್ಕು, ಕಾರಿನ ಪುಸ್ತಕದಲ್ಲಿ ಹೇಳಿದ್ದೇ ಪ್ಯಾಡು. ಅವು ಹೊಂದಿಕೊಳ್ಳುವ ತನಕ ಅವಳು ಗಕ್ಕನೆ ಬ್ರೇಕ್ ಹಾಕದೆ ಜೋಪಾನವಾಗಿ ಓಡಿಸಿದಳು. ಕಿರುಚಾಟ ನಿಂತಿತು. ಅಂದಿನಿಂದ ಆರು ತಿಂಗಳಿಗೊಮ್ಮೆ ಚಕ್ರ ಬಿಚ್ಚಿಸಿ, ಒಳಗಿನ ಪ್ಯಾಡನ್ನು ಟಾರ್ಚ್ ಹಿಡಿದು ತಾನೇ ನೋಡುತ್ತಾಳೆ.

ಆದರೆ ಮುದುಕರ ಮಾತು ಅಷ್ಟು ಸುಲಭಕ್ಕೆ ಸರಿಹೋಗಲಿಲ್ಲ. ಡಾಕ್ಟರ ಮುಂದೆ "ಅವತ್ತು ಹೇಳಿದ್ರಲ್ಲ, ಇನ್ನೊಂದ್ಸಲ ಹೇಳಿ" ಎಂದು ಅವಳು ಕೇಳಿದಾಗ ಮತ್ತೆ "ಪಿ... ಪಿ..." ಎಂದು ತಡವರಿಸಿ ಮುಖ ತಿರುಗಿಸಿದರು. ಮರುದಿನ ಅವಳು ರಬ್ಬರ್ ಚೆಂಡು ಹಿಸುಕುವುದನ್ನು ಬಿಡಿಸಿ, ಅವರ ಬಲಗೈಗೆ ಅವರದೇ ಹಳೆಯ ಸ್ಪ್ಯಾನರ್ ಕೊಟ್ಟಳು. ನಾಲ್ಕು ಸಲ ಬಿತ್ತು. ಐದನೆಯ ಸಲ ನೇರ ಅವರ ಕಾಲ ಮೇಲೇ ಬಿತ್ತು. ಡಿಪೋದ ಗೋಡೆಗಳು ಮಾತ್ರ ಕೇಳಿರಬಹುದಾದ ಬೈಗುಳವೊಂದು ಅವರ ಬಾಯಿಂದ ಒಂದಕ್ಷರವೂ ತಪ್ಪದೆ ಹೊರಬಿತ್ತು.

"ಅಯ್ಯೋ, ಮಾವ!" ಎಂದು ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು.