ಪುಣೆ ತೋರಿಸಿದ ಕಂಡಕ್ಟರ್ ಕಾಕಾ

ಕಂಡಕ್ಟರ್ ಕಾಕಾರ ಎಡಭುಜದ ಮೇಲೆ ಬೆರಳಗಲದ ಒಂದು ತಗ್ಗಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಚರ್ಮದ ಚೀಲದ ಪಟ್ಟಿ ಕೂತ ಜಾಗ ಅದು. ಬೇಸಿಗೆಯಲ್ಲಿ ಬರೀ ಬನಿಯನ್ ಮೇಲೆ ಅಂಗಳಕ್ಕೆ ಬಂದರೆ ಎದ್ದು ಕಾಣುತ್ತಿತ್ತು. ನಿವೃತ್ತರಾಗಿ ಬಹಳ ದಿನವಾಗಿದ್ದರೂ ಅವರು ನಿಲ್ಲುವ ರೀತಿ ಮಾತ್ರ ಬದಲಾಗಿರಲಿಲ್ಲ. ಕಾಲು ಅಗಲಿಸಿ, ಮೊಣಕಾಲು ತುಸು ಬಗ್ಗಿಸಿ, ಸೊಂಟವನ್ನು ಬಾಗಿಲ ಚೌಕಟ್ಟಿಗೆ ಆನಿಸಿ ನಿಲ್ಲುತ್ತಿದ್ದರು. ಮನೆಯೇ ಯಾವಾಗಲಾದರೂ ಬ್ರೇಕ್ ಹಾಕೀತು ಎಂಬಂತೆ.

ಚಿಕ್ಕೋಡಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಸೊಸೆಯಾಗಿ ಆ ಓಣಿಗೆ ಬಂದ ಮರುದಿನವೇ ಕೇಳಿದರು, "ಯಾವೂರವ್ವಾ ನಿಂದು?"

"ಮುಗಳಖೋಡ್ರಿ."

"ಬಸ್‌ಸ್ಟ್ಯಾಂಡಿಂದ ಯಾವ ಕಡೆ?"

ನಾನು ಹೇಳುವ ಮೊದಲೇ ನಮ್ಮ ಓಣಿಯ ಹಿಟ್ಟಿನ ಗಿರಣಿ, ಅದರ ಮುಂದಿನ ಬೇವಿನ ಮರ, ಗಿರಣಿಯವನ ಸಿಡುಕು ಸ್ವಭಾವ ಎಲ್ಲವನ್ನೂ ಅವರೇ ಹೇಳಿದರು. ತವರಿನ ಗುರುತು ಹೇಳಿದ ಆ ಮನುಷ್ಯನ ಮೇಲೆ ಅಂದೇ ನನಗೆ ಒಂದು ನಂಬಿಕೆ ಹುಟ್ಟಿತು. ಅಂಕಲಿ, ರಾಯಬಾಗ, ಕಾಗವಾಡ, ಅಥಣಿ, ಎಲ್ಲ ಊರೂ ಅವರಿಗೆ ಹೀಗೆಯೇ ಗೊತ್ತು. ಮಂಗಸೂಳಿಯ ಟ್ರಿಪ್ ಮುಗಿಸಿ ಬಂದ ದಿನ ಚೀಲದ ನೋಟುಗಳೆಲ್ಲ ಮಲ್ಲಯ್ಯನ ಜಾತ್ರೆಯಲ್ಲಿ ಎರಚುವ ಭಂಡಾರದ ಅರಿಸಿನದಿಂದ ಹಳದಿಯಾಗಿರುತ್ತಿದ್ದವಂತೆ. ಕನ್ನಡದವರೊಡನೆ ಕನ್ನಡ, ಮರಾಠಿಯವರೊಡನೆ ಮರಾಠಿ, ಪಕ್ಕದ ಓಣಿಯ ಟೇಲರ್ ಚಾಚಾನೊಡನೆ ಉರ್ದು. ಮೂರರಲ್ಲೂ ಅದೇ ಗಟ್ಟಿ ದನಿ. ಕೋಪವೂ ಬೇಗ ಬರುತ್ತಿತ್ತು. ಯಾರಾದರೂ ಒಂದು ಮಾತಿಗೆ ಹಿಂದೆ ಮುಂದೆ ನೋಡಿದರೆ, "ಹತ್ತೂದಿದ್ರ ಹತ್ತು, ಇಲ್ಲಾಂದ್ರ ಬಾಗಲಾ ಬಿಡು" ಎಂದು ಗದರುತ್ತಿದ್ದರು.

ಅಂಥವರು ನನ್ನ ವಿಷಯದಲ್ಲಿ ಮಾತ್ರ ಅವಸರ ಮಾಡಲಿಲ್ಲ.

ನಾನು ಊರಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತಿದ್ದೆ. ನನ್ನ ಗಂಡನದು ನಿಪ್ಪಾಣಿ ರಸ್ತೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಮಗಳು ಒಂದನೇ ಇಯತ್ತೆಯಲ್ಲಿದ್ದಳು. ನಮ್ಮ ಲ್ಯಾಬಿನಲ್ಲಿ ಶುಗರ್, ಹಿಮೋಗ್ಲೋಬಿನ್, ಇಂಥವೇ ನಾಲ್ಕಾರು ಪರೀಕ್ಷೆ. ಸ್ವಲ್ಪ ಕಠಿಣವಾದದ್ದು ಬಂದರೆ ಡಬ್ಬಿಗೆ ಹಾಕಿ ಕೊಲ್ಲಾಪುರಕ್ಕೆ ಕಳಿಸುವುದು. ಒಮ್ಮೆ ಒಂದು ಮಗುವಿನ ರಕ್ತದಲ್ಲಿ ಏನೋ ಸರಿಯಿಲ್ಲ ಅನ್ನಿಸಿ ಮೈಕ್ರೋಸ್ಕೋಪಿನ ಮುಂದೆ ಬಹಳ ಹೊತ್ತು ಕೂತಿದ್ದೆ. ಏನೆಂದು ಹೇಳುವಷ್ಟು ನನಗೆ ಗೊತ್ತಿರಲಿಲ್ಲ. ಡಬ್ಬಿ ಹೋಯಿತು, ಮಗುವೂ ಹೋಯಿತು ಬೇರೆ ಊರಿನ ಆಸ್ಪತ್ರೆಗೆ. ಅದಕ್ಕೇನಾಗಿತ್ತೆಂದು ನನಗೆ ಯಾರೂ ಹೇಳಲಿಲ್ಲ.

ಆಮೇಲೆ ಪುಣೆಯ ಒಂದು ದೊಡ್ಡ ಆಸ್ಪತ್ರೆಗೆ ಅರ್ಜಿ ಹಾಕಿದೆ. ಫೋನಿನಲ್ಲೇ ಸಂದರ್ಶನವಾಯಿತು. ಕೆಲಸ ಕೊಡುತ್ತೇವೆ, ಹದಿನೈದು ದಿನದಲ್ಲಿ ಉತ್ತರ ತಿಳಿಸಿ ಎಂದರು. ಪಗಾರ ಚಿಕ್ಕೋಡಿಯದರ ಎರಡು ಪಟ್ಟಿಗಿಂತ ಹೆಚ್ಚು. ನಮ್ಮ ಅತ್ತೆ ಓಣಿಗೆಲ್ಲ ಪೇಡೆ ಹಂಚಿದರು. ಕಾಕಾ ಪೇಡೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಪಗಾರ ಎಷ್ಟಂತ ಎಲ್ಲಾರೂ ಹೇಳಿದ್ರು ತಂಗಿ. ಇರೂದೆಲ್ಲಿ?"

"ಹೋದ ಮ್ಯಾಲ ಎಲ್ಲೆರ ಸಿಗ್ತೈತ್ರಿ ಕಾಕಾ."

"ಹೋದ ಮ್ಯಾಲ ಅಲ್ಲ. ಹೋಗೂಕಿಂತ ಮದ್ಲ ನೋಡೂಣು. ನಡಿ, ನಾ ಬರ್ತೀನಿ."

ಆಗ ಬೇಸಿಗೆ. ಕಬ್ಬಿಗೆ ನೀರು ಹಾಯಿಸುವ ಮೋಟರುಗಳು ಸುಟ್ಟು ಬರುವ ಕಾಲ. ನನ್ನ ಗಂಡ ಅಂಗಡಿ ಬಿಡುವಂತಿರಲಿಲ್ಲ. ಪುಣೆಯಲ್ಲಿ ಕಾಕಾರ ಅಕ್ಕನ ಮಗಳ ಮನೆಯಿತ್ತು. ಇಳಿದುಕೊಳ್ಳಲು ಅಲ್ಲಿಗೇ ಹೋದೆವು.

ಆಸ್ಪತ್ರೆಯ ಹತ್ತಿರ ಏಜಂಟ್ ಒಂದು ಖೋಲಿ ತೋರಿಸಿದ. ಒಂದೇ ಖೋಲಿ, ಅದರಲ್ಲೇ ಒಂದು ಅಡುಗೆ ಕಟ್ಟೆ. ನಾನು ಕಿಟಕಿ ನೋಡುತ್ತಿದ್ದರೆ ಕಾಕಾ ಹೋಗಿ ನಲ್ಲಿ ತಿರುಗಿಸಿದರು. ಬರೀ ಗಾಳಿ ಸುಯ್ಯೆಂದಿತು. ಬಾಡಿಗೆ ಕೇಳಿದರೆ ನನ್ನ ಹೊಸ ಪಗಾರದ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಗುತ್ತಿತ್ತು, ಡಿಪಾಜಿಟ್ ಬೇರೆ. ಏಜಂಟ್ ನಮ್ಮ ಮುಖ ನೋಡಿ, ಕಾತ್ರಜ್‌ನ ಆಚೆ ಇದರ ಅರ್ಧ ಬಾಡಿಗೆಯಲ್ಲಿ ಎರಡು ಖೋಲಿ ಸಿಗುತ್ತವೆ, ಆಸ್ಪತ್ರೆಗೆ ಬಸ್ಸಿನಲ್ಲಿ ಅರ್ಧ ತಾಸು ಅಷ್ಟೇ ಎಂದ.

"ಅರ್ಧಾ ತಾಸು ಹೌದೋ ಅಲ್ಲೋ, ಹತ್ತಿದ ಮ್ಯಾಲ ಗೊತ್ತಾಗ್ತೈತಿ" ಎಂದರು ಕಾಕಾ ನನಗೆ.

ಅಂದು ಸಂಜೆ ಕಾತ್ರಜ್‌ನ ಆಚೆ ಹೋಗಿ ಆ ಎರಡು ಖೋಲಿ ನೋಡಿದೆವು, ಅಲ್ಲಿ ಟ್ಯಾಂಕರಿನ ನೀರೇ ಗತಿ. ಮರುದಿನ ಬೆಳಗಿನ ಪಾಳಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಆ ಬಡಾವಣೆಯ ಬಸ್‌ಸ್ಟಾಪಿನಲ್ಲಿ ನಿಂತೆವು. ಮೊದಲ ಬಸ್ಸು ತುಂಬಿ ನಿಲ್ಲದೇ ಹೋಯಿತು. ಎರಡನೆಯದರಲ್ಲಿ ಹೇಗೋ ನುಗ್ಗಿದೆವು. ಎಪ್ಪತ್ತರ ಹತ್ತಿರದ ಕಾಕಾ ಏನನ್ನೂ ಹಿಡಿಯದೆ ಆ ನೂಕುನುಗ್ಗಲಿನಲ್ಲಿ ನಿಂತಿದ್ದರು. ಬಸ್ಸಿನ ಹುಡುಗ ಕಂಡಕ್ಟರ್ ಗಾಬರಿಯಾಗಿ, "ಆಜೋಬಾ, ಧರಾ!" ಎಂದು ಕಂಬಿ ತೋರಿಸಿದ. "ಮೀ ಪಣ ಕಂಡಕ್ಟರ್" ಎಂದು ನಕ್ಕರು ಕಾಕಾ, ನಾನೂ ಕಂಡಕ್ಟರನೇ ಎಂದು. ಆಮೇಲೆ ಪಕ್ಕದಲ್ಲಿ ಡಬ್ಬಿ ಹಿಡಿದು ನಿಂತಿದ್ದ ನರ್ಸ್ ಒಬ್ಬಳನ್ನು ಮರಾಠಿಯಲ್ಲಿ ಮಾತಿಗೆಳೆದರು. ಮಕ್ಕಳೆಷ್ಟು, ಶಾಲೆಗೆ ಯಾರು ಕಳಿಸುತ್ತಾರೆ ಎಂದೆಲ್ಲ ಕೇಳಿದರು. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ತಾನು ಹೊರಡುವಾಗ ಮಗ ಮಲಗಿರುತ್ತಾನೆ, ಶಾಲೆಗೆ ಕಳಿಸುವುದು ಗಂಡ. ಮೊದಲ ವರ್ಷ ಬಸ್ಸಿನಲ್ಲಿ ಅಳುತ್ತಿದ್ದೆ, ಈಗ ನಿಂತೇ ನಿದ್ದೆ ಮಾಡುತ್ತೇನೆ ಎಂದಳು. ಆಸ್ಪತ್ರೆ ಮುಟ್ಟುವಾಗ ತಾಸಿನ ಮೇಲೆ ಹತ್ತು ನಿಮಿಷವಾಗಿತ್ತು.

ಲ್ಯಾಬ್ ನೋಡಲು ನಾನೊಬ್ಬಳೇ ಒಳಗೆ ಹೋದೆ. ಅಲ್ಲೊಂದು ಮೈಕ್ರೋಸ್ಕೋಪಿತ್ತು. ಒಂದೇ ಸ್ಲೈಡನ್ನು ಎದುರುಬದುರು ಕೂತು ಇಬ್ಬರು ನೋಡಬಹುದು. ಹಿರಿಯ ಮೇಡಂ ಒಬ್ಬರು ನನ್ನನ್ನು ಎದುರಿಗೆ ಕೂರಿಸಿಕೊಂಡು, ಒಂದೊಂದು ಕಣಕ್ಕೂ ಬಾಣದ ಗುರುತು ತಂದು ನಿಲ್ಲಿಸಿ, ಇದು ಹೀಗೇಕಿದೆ ಹೇಳು ಎಂದು ಕೇಳಿದರು. ಎರಡಕ್ಕೆ ಉತ್ತರ ಹೇಳಿದೆ. ಮೂರನೆಯದು ಗೊತ್ತಾಗಲಿಲ್ಲ. ಅವರು ಹೇಳಿಕೊಟ್ಟರು. ಅದು ನಮ್ಮೂರಿನ ಆ ಮಗುವಿನ ರಕ್ತದಲ್ಲಿ ನಾನು ಕಂಡಂಥದೇ ಕಣ.

ಹೊರಗೆ ಕಾಕಾ ಚಹಾದಂಗಡಿಯ ಬಾಕಿನ ಮೇಲೆ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಖರ್ಚೆಲ್ಲಾ ತಗದ್ರ ಕೈಯಾಗ ಉಳಿಯೂದು ಊರಾಗಿನಷ್ಟ ಐತ್ರಿ ಕಾಕಾ. ಮ್ಯಾಲ ಆ ಬಸ್ಸು, ಆ ನೀರು. ಹುಡುಗಿ ಮುಖಾ ನೋಡೂದ ಕಷ್ಟ."

"ಹೂಂ."

"ಆದ್ರ ನನಗ ಈ ಕೆಲಸಾ ಬೇಕ್ರಿ."

ಕಾಕಾ ಚಹಾ ಮುಗಿಸಿ ಕಪ್ಪನ್ನು ಕೆಳಗಿಟ್ಟರು. "ಹಂಗಾದ್ರ ಪಗಾರಕ್ಕ ಹೊಂಟೀನಿ ಅಂತ ಮನ್ಯಾಗ ಸುಳ್ಳ ಹೇಳಬ್ಯಾಡ. ಕೆಲಸಕ್ಕ ಹೊಂಟೀನಿ ಅನ್ನು. ರೊಕ್ಕ ಬರೂದಿಲ್ಲಂತ ಈಗ ಹೇಳು, ಇಲ್ಲಾಂದ್ರ ಆಮ್ಯಾಲ ದಿನಾ ಹೇಳಬೇಕಾಗ್ತೈತಿ."

ತಿರುಗಿ ಬರುವಾಗ ಬಸ್ಸು ಸಾತಾರಾ ದಾಟಿತ್ತು. ಕಾಕಾ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು.

"ನನಗೂ ಒಮ್ಮೆ ಬಡತಿ ಬಂದಿತ್ತು. ಹುಬ್ಬಳ್ಳಿಗಿ. ಪಗಾರ ಜಾಸ್ತಿ, ಆಫೀಸಿನಾಗ ಕೂತು ಮಾಡೂ ಕೆಲಸಾ. ಅಲ್ಲಿ ಬಾಡಿಗಿ ಭಾಳ, ಬದುಕಾಕ ಆಗೂದಿಲ್ಲ ಅಂತ ಯಾರೋ ಅಂದ್ರು. ನಾ ಬ್ಯಾಡ ಅಂತ ಬರದ ಕೊಟ್ನಿ. ಹೋಗಿ ನೋಡ್ಲಿಲ್ಲ."

"ಇಲ್ಲೇ ಚಲೋ ಇದ್ರಲ್ರಿ ಕಾಕಾ."

"ಚಲೋ ಇದ್ನಿ. ಇಲ್ಲ ಅನ್ನೂದಿಲ್ಲ. ಆದ್ರ ನೋಡಿ ಬ್ಯಾಡ ಅಂದಿದ್ರ ಅದು ನನ್ನ ಮಾತಾಗ್ತಿತ್ತು. ಅಂಜಿ ಬ್ಯಾಡ ಅಂದ್ನಿ ನೋಡು, ಅದು ಇನ್ನಾ ಕಡೀತೈತಿ."

ಮನೆಗೆ ಬಂದು ಎಲ್ಲರೆದುರು ಇದ್ದದ್ದನ್ನು ಇದ್ದಂತೆ ಹೇಳಿದೆ. ಅತ್ತೆಗೆ ಸಿಟ್ಟು ಬಂತು. "ಕೈಯಾಗ ನಾಕ ದುಡ್ಡ ಉಳಿಯಲಾರದ ಊರಿಗಿ ಸಂಸಾರ ಕಟಗೊಂಡ ಯಾಕ ಹೋಗಬೇಕ?"

"ಕಲಿಯಾಕ್ರಿ ಅತ್ತಿ" ಎಂದೆ.

ನನ್ನ ಗಂಡ ಅತ್ತೆಯ ಕಡೆ ತಿರುಗಿ, "ಮೋಟರ್ ಪುಣೆದಾಗೂ ಸುಡ್ತಾವ" ಎಂದರು. ಅಷ್ಟೇ. ಅತ್ತೆ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೆಯ ದಿನ ಉಪ್ಪಿನಕಾಯಿಯ ಭರಣಿ ತೆಗೆದು, ಪುಣೆಗೆ ಒಯ್ಯಲು ಬೇರೆ ಡಬ್ಬಿಗೆ ತುಂಬತೊಡಗಿದರು.

ಕಾತ್ರಜ್‌ನ ಆಚೆಯ ಆ ಎರಡು ಖೋಲಿಗಳಲ್ಲೇ ಸಂಸಾರ ಹೂಡಿದೆವು. ಮೊದಲ ವರ್ಷ ಸುಲಭವಾಗಿರಲಿಲ್ಲ. ಟ್ಯಾಂಕರಿನ ನೀರು, ತುಂಬಿದ ಬಸ್ಸು, ಮರಾಠಿ ಶಾಲೆಯಲ್ಲಿ ಮಗಳ ಮಂಕು ಮುಖ. ನನ್ನ ಗಂಡ ಬೇರೆಯವರ ಅಂಗಡಿಯಲ್ಲಿ ಕೂಲಿಗೆ ಕೂತರು. ಆದರೆ ಇವುಗಳಲ್ಲಿ ಒಂದೂ ನನಗೆ ಅನಿರೀಕ್ಷಿತವಾಗಿರಲಿಲ್ಲ. ಇಲ್ಲಿಯ ಕಷ್ಟವನ್ನು ಕಣ್ಣಾರೆ ಕಂಡೇ ಹೂಂ ಅಂದಿದ್ದೆ. ಪ್ರತಿ ರವಿವಾರ ಕಾಕಾರ ಫೋನ್ ಬರುತ್ತಿತ್ತು. "ಈ ವಾರ ಏನ ಕಲ್ತಿ?" ಎಂದು ಕೇಳುತ್ತಿದ್ದರು. ನಾನು ಹೇಳಿದ್ದು ಅರ್ಧ ತಿಳಿಯದಿದ್ದರೂ, "ಹಾಂ, ಮುಂದ?" ಎನ್ನುತ್ತಿದ್ದರು.

ಮೂರನೆಯ ವರ್ಷದ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಕಾ ಹೋದರೆಂದು ಸುದ್ದಿ ಬಂತು. ಹೃದಯ ನಿಂತಿತ್ತು. ನಾವು ಚಿಕ್ಕೋಡಿ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಕಾಕಾರ ಹೆಂಡತಿ ಕಾಕು ಒಳಗೆ ಗೋಡೆಗೆ ಒರಗಿ ಕೂತಿದ್ದರು. ನನ್ನ ಕೈ ಹಿಡಿದುಕೊಂಡು ಹೇಳಿದರು.

"ನೀ ಪುಣೆಗಿ ಹೋಗಿ ತಿಂಗಳಾಗಿತ್ತು ನೋಡು, ಇವರು ಒಬ್ಬರ ಹುಬ್ಬಳ್ಳಿಗಿ ಹೋಗಿ ಬಂದ್ರು. ಆಗಿನ ಕಾಲಕ್ಕ ಯಾರೋ ಒಂದ ಮನಿ ಹೇಳಿದ್ರಂತ, ಆ ಓಣಿ ನೋಡಿ ಬರ್ತೀನಿ ಅಂತ ಹೋದ್ರು."

"ಬಂದ ಮ್ಯಾಲ ಕಾಕಾ ಏನಂದ್ರು ಕಾಕು?"

"ಓಣಿ ಚಲೋ ಐತಿ, ಇರಬಹುದಿತ್ತು ಅಂದ್ರು. ಸಿಟ್ಟಿಲ್ಲ, ಏನಿಲ್ಲ. ಉಂಡು ಮಲಗಿದ್ರು. ಮತ್ತ ಆ ಮಾತ ತಗೀಲಿಲ್ಲ."

ನನಗೆ ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು.

ಪುಣೆಯಲ್ಲಿ ಇಂದಿಗೂ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಮಗಳು ಈಗ ಮರಾಠಿಯಲ್ಲಿ ಜಗಳವಾಡುತ್ತಾಳೆ. ಹಿರಿಯ ಮೇಡಂ ಕಳೆದ ವರ್ಷ ನಿವೃತ್ತರಾದರು. ಎರಡು ಕಡೆಯಿಂದ ನೋಡುವ ಆ ಮೈಕ್ರೋಸ್ಕೋಪಿನಲ್ಲಿ ಅವರು ಕೂರುತ್ತಿದ್ದ ಕಡೆ ಈಗ ನಾನು ಕೂರುತ್ತೇನೆ. ಕಷ್ಟಪಟ್ಟ ದಿನಗಳು ಬೇಕಾದಷ್ಟಿವೆ. ಆದರೆ ಹೀಗಾಗುತ್ತದೆಂದು ನನಗೆ ಯಾರೂ ಹೇಳಲಿಲ್ಲ ಎಂದು ಒಂದು ದಿನವೂ ಅತ್ತಿಲ್ಲ. ಅಷ್ಟನ್ನು ನನಗೆ ಕೊಟ್ಟವರು ಕಾಕಾ.