ಫ್ರೈಡ್ ರೈಸ್ ಮತ್ತು ಅತ್ತೆಯ ಹನ್ನೆರಡು ದಿನದ ಮೌನ

ಹೋದ ಭಾನುವಾರ ನಾನು ಅನ್ನ ಕೆಡಿಸಿದೆ. ಒಂದು ಸಲವಲ್ಲ, ಎರಡು ಸಲ. ಮದುವೆಯಾದಾಗಿನಿಂದ ಹದಿನೇಳು ವರ್ಷ ದಿನಾ ಎರಡು ಹೊತ್ತು ಅನ್ನಕ್ಕಿಟ್ಟ ಹೆಂಗಸು ನಾನು. ಬೇರೇನು ಬರದಿದ್ದರೂ ಅನ್ನ ಮಾಡಲು ಬರುತ್ತದೆ ಎಂದುಕೊಂಡಿದ್ದೆ. ಅದೂ ಹೋಯಿತು.

ಕಾರಣ, ಫ್ರೈಡ್ ರೈಸ್.

ನನ್ನ ಮಗಳು ಕಾವ್ಯ ಎಂಟನೇ ಕ್ಲಾಸು. ಸ್ಕೂಲಿನವರ ಜೊತೆ ಶ್ರೀರಂಗಪಟ್ಟಣಕ್ಕೆ ಟೂರ್ ಹೋದವಳು ಅಲ್ಲಿ ಹೈವೇ ಪಕ್ಕದ ಹೋಟೆಲಿನಲ್ಲಿ ವೆಜಿಟೆಬಲ್ ಫ್ರೈಡ್ ರೈಸ್ ತಿಂದು ಬಂದಳು. (ಟಿಪ್ಪುವಿನ ಬೇಸಿಗೆ ಅರಮನೆ ಹೇಗಿತ್ತೇ ಎಂದರೆ 'ಚೆನ್ನಾಗಿತ್ತು' ಎಂದು ಮುಗಿಸಿದಳು. ಫ್ರೈಡ್ ರೈಸಿನ ವರ್ಣನೆ ಮೂರು ದಿನ ನಡೆಯಿತು.) ಮನೆಯಲ್ಲೇ ಮಾಡಮ್ಮ ಎಂದಳು. ಹೂಂ ಎಂದೆ.

ಪ್ರೀತಿಯಿಂದ ಅಂದುಕೊಳ್ಳಬೇಡಿ. ಆಗಷ್ಟೇ ಆಫೀಸಿನಿಂದ ಬಂದು ಚಪ್ಪಲಿ ಬಿಟ್ಟಿದ್ದೆ. ಬೇಡ ಅಂತ ಹೇಳಿ, ಯಾಕೆ ಅಂತ ವಿವರಿಸಿ, ಆಮೇಲೆ ಅವಳ ಊದಿದ ಮುಖ ನೋಡಿಕೊಂಡು ಕೂರಲು ಶಕ್ತಿ ಬೇಕು. ಹೂಂ ಎನ್ನಲು ಬೇಡ. ಕೆಲಸಕ್ಕೆ ಹೋಗುವ ತಾಯಂದಿರ ಒಪ್ಪಿಗೆಯಲ್ಲಿ ಅರ್ಧ ಪಾಲು ಸುಸ್ತೇ ಅಲ್ಲವೇ?

ಸೋಯಾ ಸಾಸ್ ಹುಡುಕಲು ಹೊರಟೆ. ಕೆ.ಆರ್. ಪೇಟೆಯ ನಮ್ಮ ಮಾಮೂಲಿ ಅಂಗಡಿಯವನು, "ಸೋಯಾ ಉಂಡೆ ಅದೆ ಕಣಕ್ಕ, ಪಲಾವ್‌ಗೆ ಆಕ್ತಾರಲ್ಲ. ಸಾಸ್ ಅಂದ್ರೆ ಟೊಮೊಟೊದ್ದೇಯ" ಎಂದ. ಕೊನೆಗೆ ದಿನಾ ಪಾಂಡವಪುರದಿಂದ ಬಸ್ಸಿನಲ್ಲಿ ಬರುವ ನನ್ನ ಸಹೋದ್ಯೋಗಿ ನಾಗರತ್ನ ಕಾಪಾಡಿದಳು. ಅವಳ ಬೀದಿಯ ಬೇಕರಿಯವರು ಹೊಸದಾಗಿ ಗೋಬಿ ಮಂಚೂರಿ ಶುರು ಮಾಡಿದ್ದರಂತೆ. ಅವರನ್ನು ಕೇಳಿ, ತೊಳೆದ ಕೆಮ್ಮಿನ ಔಷಧಿ ಬಾಟಲಿಯಲ್ಲಿ ನಾಲ್ಕು ಚಮಚದಷ್ಟು ಸಾಸ್ ತಂದುಕೊಟ್ಟಳು.

ಇಲ್ಲೊಂದು ವಿಷಯ ಹೇಳಬೇಕು. ಆ ಭಾನುವಾರಕ್ಕೆ ನಮ್ಮತ್ತೆ ನನ್ನ ಜೊತೆ ಮಾತು ಬಿಟ್ಟು ಹನ್ನೆರಡು ದಿನವಾಗಿತ್ತು.

ಕಾರಣ ಇದೇ ಅಂಕಣ. ಹೋದ ತಿಂಗಳು 'ಅಡುಗೆಮನೆಯ ಇನ್‌ಸ್ಪೆಕ್ಟರ್' ಅಂತ ಬರೆದಿದ್ದೆನಲ್ಲ? ಅತ್ತೆ ದಿನಾ ಸಂಜೆ ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು, ಉಪ್ಪು ಹೆಚ್ಚಾಯಿತು, ಎಣ್ಣೆ ಕಡಿಮೆಯಾಯಿತು ಎಂದು ನನ್ನ ಕೆಲಸ ತಪಾಸಣೆ ಮಾಡುವುದನ್ನು ಉಪ್ಪು ಖಾರ ಹಚ್ಚಿ ಬರೆದಿದ್ದೆ. ನೀವು ನಕ್ಕಿರಿ. 'ನಮ್ಮನೆಯಲ್ಲೂ ಇಂಥವರೊಬ್ಬರಿದ್ದಾರೆ' ಎಂದು ಕಾಗದ ಬರೆದಿರಿ. ನಾನು ಬೀಗಿದೆ.

ಅತ್ತೆಗೆ ಓದಲು ಬರುವುದಿಲ್ಲ. ಆದರೆ ಬೂಕನಕೆರೆಯಿಂದ ಬಂದಿದ್ದ ಅವರ ತಂಗಿಯ ಮಗಳಿಗೆ ಬರುತ್ತದೆ. ಪಡಸಾಲೆಯಲ್ಲಿ ಕೂತು, ನಗುನಗುತ್ತಾ, ಪೂರ್ತಿ ಓದಿ ಹೇಳಿ ಹೋದಳು.

ಅಂದಿನಿಂದ ಮಾತೆಲ್ಲ ಕಾವ್ಯಳ ಮೂಲಕ. "ನಿಮ್ಮವ್ವಂಗೆ ಏಳು, ಆಲು ಉಕ್ತಾ ಅದೆ." ನಿಮ್ಮವ್ವ ಅಲ್ಲೇ ಎರಡು ಮಾರು ದೂರದಲ್ಲಿ ನಿಂತಿರುತ್ತಾಳೆ. ಜಗಳವಾಡಿದ್ದರೆ ಎಷ್ಟೋ ಸುಲಭವಿತ್ತು. ನನ್ನ ಯಜಮಾನರನ್ನು ಕೇಳಿದರೆ "ಸರೋಯ್ತದೆ ಬುಡು" ಎಂದು ನಾಗಮಂಗಲದ ಬಸ್ಸು ಹಿಡಿದು ತಮ್ಮ ಹೈಸ್ಕೂಲಿಗೆ ಹೋಗಿಬಿಡುತ್ತಿದ್ದರು. ಮನೆಯೊಳಗಿನ ಮೌನ ಗಂಡಸರ ಕಿವಿಗೆ ಕೇಳಿಸುವುದಿಲ್ಲವೇನೋ.

ಇರಲಿ. ಭಾನುವಾರ ವಾರದ ಬಟ್ಟೆ ಒಗೆದು ಹರವಿ, ಬೀನ್ಸು, ಕ್ಯಾರೆಟ್ಟು, ದಪ್ಪ ಮೆಣಸಿನಕಾಯಿ ಸಣ್ಣಗೆ ಹೆಚ್ಚಿಕೊಂಡೆ. ಬೆನ್ನು ಆಗಲೇ ಹಿಡಿದುಕೊಂಡಿತ್ತು. ಕುಕ್ಕರಿನಲ್ಲಿ ಎಂದಿನಂತೆ ಮೂರು ಸೀಟಿ ಕೂಗಿಸಿ, ಬಿಸಿ ಅನ್ನವನ್ನು ಬಾಣಲೆಗೆ ಹಾಕಿ ತಿರುವಿದೆ. ಕಂದು ಬಣ್ಣದ ಮುದ್ದೆಯಾಯಿತು. ಎರಡನೇ ಸಲ ನೀರು ಕಡಿಮೆ ಮಾಡಿದೆ. ಮೇಲೆ ಅಕ್ಕಿ, ತಳದಲ್ಲಿ ಸೀಕಲು.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತು. ಒಂದು ಬಾಣಲೆ ಅನ್ನಕ್ಕೆ ಯಾರಾದರೂ ಅಳುತ್ತಾರೆಯೇ? ವಾರಪೂರ್ತಿ ಅಳಲು ಪುರುಸೊತ್ತಿರದವರು ಅಳುತ್ತಾರೆ.

ಅತ್ತೆ ಒಳಗೆ ಬಂದರು. ಮಾತಿಲ್ಲ. ತಮ್ಮ ಡಬ್ಬದಿಂದ ಹಳೆ ಅಕ್ಕಿ ತೆಗೆದು ತೊಳೆದರು. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಅಕ್ಕಿ ಹಾಕಿದರು. ಒಂದಗುಳು ತೆಗೆದು ಹಿಸುಕಿ ನೋಡಿದರು, ಗಂಜಿ ಬಸಿದರು. ಅನ್ನವನ್ನು ಅಗಲವಾದ ತಟ್ಟೆಗೆ ಹರವಿ, ನಾಲ್ಕು ಹನಿ ಎಣ್ಣೆ ಚಿಮುಕಿಸಿ ಫ್ಯಾನಿನ ಕೆಳಗಿಟ್ಟರು. ಕರೆಂಟು ಹೋಯಿತು. (ನಮ್ಮೂರಿನಲ್ಲಿ ಅದು ಸುದ್ದಿಯಲ್ಲ.) ಮೊರ ತಂದು ಬೀಸತೊಡಗಿದರು.

ಬೀಸುತ್ತಲೇ, ನನ್ನ ಕಡೆ ನೋಡದೆ ಕೇಳಿದರು. "ನಂಗ್ ಓದಕ್ ಬರಕಿಲ್ಲ, ಗೊತ್ತಾಗಕಿಲ್ಲ ಅಂತ ತಾನೇ ಅಂಗೆ ಬರ್ದಿದ್ದು ನೀನು?"

"ತಮಾಷೆಗೆ ಅತ್ತೆ."

"ತಮಾಸೆ ಅಂದ್ರೆ ನಂಗೂ ಏಳ್ಬೇಕಾಗಿತ್ತು. ನಾನೂ ನಗ್ತಿದ್ದೆ."

ಮೊರ ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಬಾಕ್ಲಲ್ಲಿ ಯಾಕ್ ಕೂತ್ಕತೀನಿ ಅಂತ ಒಂದಿನ ಕೇಳಿದ್ದೀಯಾ? ನೀವೆಲ್ಲ ಬೆಳಿಗ್ಗೆ ಮನೆ ಬುಟ್ರೆ ಬರದು ಸಂಜೆಗೆ. ಅಲ್ಲಿಗಂಟ ನಾನು ಯಾರ್ ತವ ಮಾತಾಡ್ಲಿ, ಗೋಡೆ ತವ? ನೀನು ಒಲೆ ಮುಂದೆ ನಿಂತಿರ್ತೀಯ ಅಂತ ಅಲ್ ಬಂದು ಕೂತ್ಕತೀನಿ. ಉಪ್ಪು ಖಾರದ ಮಾತು ಬುಟ್ರೆ ನಂಗಿನ್ನೇನವ್ವ ಗೊತ್ತು?"

ಹದಿನೇಳು ವರ್ಷ. ಅದನ್ನು ನಾನು ತಪಾಸಣೆ ಎಂದುಕೊಂಡಿದ್ದೆ. ಅವರು ಮಾತಾಡಿಸುತ್ತಿದ್ದರು.

"ತಪ್ಪಾಯ್ತು ಅತ್ತೆ" ಎಂದೆ.

ಅವರು ತಟ್ಟೆಯ ಅನ್ನ ಮುಟ್ಟಿ ನೋಡಿದರು. "ಅನ್ನ ಆರ್ತು. ಎದ್ದೇಳು, ಅದೇನ್ ಕರೀನೀರು ಉಯ್ತೀಯೋ ಉಯ್ಯಿ" ಎಂದರು.

ಅನ್ನ ಈ ಸಲ ಉದುರುದುರಾಗಿತ್ತು. ಕಾವ್ಯ "ಹೋಟೆಲ್ ಥರ ಇಲ್ಲ" ಎನ್ನುತ್ತಲೇ ಎರಡು ತಟ್ಟೆ ತಿಂದಳು. ಯಜಮಾನರು ಉಪ್ಪಿನಕಾಯಿ ಕೇಳಿದರು. ಅತ್ತೆ ಒಂದು ತುತ್ತು ಬಾಯಿಗಿಟ್ಟು "ಉಪ್ಪು..." ಎಂದವರು ತಡೆದು ನನ್ನ ಮುಖ ನೋಡಿದರು. ಆ ತಡೆದದ್ದಿದೆಯಲ್ಲ, ಅದು ನನ್ನ ಬರವಣಿಗೆಯ ಸಂಪಾದನೆ.

"ಹೌದತ್ತೆ, ಜಾಸ್ತಿಯಾಯ್ತು. ಸಾಸಿನಲ್ಲೇ ಉಪ್ಪಿರುತ್ತೆ ಅಂತ ಗೊತ್ತಿರಲಿಲ್ಲ" ಎಂದೆ. ಅವರು ಮಜ್ಜಿಗೆ ಹಾಕಿಸಿಕೊಂಡು, ಫ್ರೈಡ್ ರೈಸನ್ನು ಕಲಸಿ ಉಂಡು ಎದ್ದರು.

ಎಲ್ಲ ಸರಿಹೋಯಿತು ಅಂತ ಬರೆಯಲಾರೆ. ಸೋಮವಾರ ಎರಡು ಮಾತು, ಮಂಗಳವಾರ ನಾಲ್ಕು. ಅಷ್ಟೇ. ಬಾಗಿಲಲ್ಲಿ ಮಣೆ ಇನ್ನೂ ಬಿದ್ದಿಲ್ಲ. ಕಾಯುತ್ತಿದ್ದೇನೆ.

ಈ ಬರಹವನ್ನು ಕಳಿಸುವ ಮೊದಲು ಅತ್ತೆಯ ಎದುರು ಕೂತು ಓದಿದೆ. ಎರಡು ಕಡೆ ತಡವರಿಸಿದೆ. ಪೂರ್ತಿ ಕೇಳಿದ ಮೇಲೆ, "ನನ್ ತಂಗಿ ಮಗಳ ಎಸ್ರು ತಗಿ. ಪಾಪ, ನಾಳೆ ಊರೋರು ಆಡ್ಕತಾರೆ" ಎಂದರು. ತೆಗೆದಿದ್ದೇನೆ.

ಆ ಹಳೆಯ ಬರಹವನ್ನೂ ಹೀಗೆಯೇ ಓದಿದ್ದರೆ ಎಷ್ಟು ಸಾಲು ಉಳಿಯುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದೇನೆ.

ಎದುರಿಗೆ ಕೂರಿಸಿಕೊಂಡು ಓದಿ ಹೇಳಲಾಗದ ತಮಾಷೆ, ತಮಾಷೆ ಹೇಗಾದೀತು?